ಫಕ್ಕೀರತ್ತಿಯ ಪಾಲಿನ ಕಬ್ಬಿಣದ ದೋಣಿ

ಹೊಳೆದಂಡೆಯ ಊರಲ್ಲಿ ಬೆಳೆದವರಿಗೆ ನಾನು ಹೇಳುವುದು ತಟ್ಟನೆ ಗೊತ್ತಾಗುತ್ತದೆ. ಆ ದಿನಗಳಲ್ಲಿ ಯುಗಾದಿ ಕಳೆಯುತ್ತಿದ್ದಂತೆ ತುಂಗಭದ್ರೆ ಸೊರಗಿ ಆಚೆ ದಂಡೆಗೆ ಸರಿದುಬಿಡುತ್ತಿದ್ದಳು. ಈಚೆಗಿನ ಉಸುಕೆಲ್ಲ ಮಕ್ಕಳದೇ. ಕೈಯಿಂದ ಬಗೆದರೆ ಮೊಳದುದ್ದ ಆಳದಲ್ಲಿ ತಣ್ಣನೆಯ ನೀರು ಜಿನುಗುತ್ತಿತ್ತು. ಹೊಳೆಯ ಪಾತ್ರದಲ್ಲೇ ಬಳ್ಳಿ ಹಬ್ಬಿಸಿದವರ ಕಲ್ಲಂಗಡಿ ಕದ್ದು, ಕಲ್ಲಿಗೆ ಬಡಿದು ಒಡೆದು, ಎದೆಯವರೆಗೆ ರಸ ಸುರಿಸಿಕೊಂಡು ತಿನ್ನುತ್ತಿದ್ದೆವು. ಬಿಸಿಲು ನೆತ್ತಿಗೇರಿದಾಗ ಸೇರಿಕೊಳ್ಳಲು ನಮಗೊಂದು ಜಾಗವಿತ್ತು. ದಂಡೆಯ ದೊಡ್ಡ ಬೇವಿನಮರದ ಕೆಳಗೆ ಬೋರಲಾಗಿ ಬಿದ್ದಿದ್ದ ನಮ್ಮ ಅಜ್ಜನ ಕಬ್ಬಿಣದ ದೋಣಿ ಅದು. ಒಂದು ಬದಿಗೆ ಕಲ್ಲು ಕೊಟ್ಟು ಎತ್ತಿಟ್ಟಿದ್ದರಿಂದ ತೆವಳಿಕೊಂಡು ಒಳಗೆ ಹೋಗಬಹುದಿತ್ತು. ಒಳಗೆ ತುಕ್ಕಿನ ವಾಸನೆ, ಆಡಿನ ಹಿಕ್ಕೆಯ ವಾಸನೆ, ಯಾರದೋ ಕಿಸೆಯ ಹುರಿದ ಶೇಂಗಾದ ವಾಸನೆ. ಅಲ್ಲೇ ಕೂತು ಐದು ಕಲ್ಲಿನ ಆಟ ಆಡುತ್ತಿದ್ದೆವು. ಎದ್ದು ಬರುವಾಗ ಬೆನ್ನೆಲ್ಲ ಕೆಂಪು.

ನಮ್ಮೂರು ಗುತ್ತಲದಿಂದ ಮುಂದೆ, ಹೊಳೆಗೆ ಅಂಟಿಕೊಂಡೇ ಇದೆ. ಅಜ್ಜ ಆ ದೋಣಿಯನ್ನು ಎಲ್ಲಿಯೋ ಹರಾಜಿನಲ್ಲಿ ಹಿಡಿದು ತಂದಿದ್ದನಂತೆ. ಬದುಕಿರುವ ತನಕ ಮಳೆಗಾಲವಿಡೀ ಜನರನ್ನು ಆಚೆ ದಂಡೆಗೆ ದಾಟಿಸಿದ. ಅವನು ಹೋದ ಮೇಲೆ ಅಪ್ಪ ಹುಟ್ಟು ಮುಟ್ಟಲಿಲ್ಲ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಹತ್ತಿಬೀಜ ಬೆಳೆದುಕೊಡುವುದರಲ್ಲಿ ಅವನಿಗೆ ಪುರುಸೊತ್ತೇ ಇರಲಿಲ್ಲ. ದೋಣಿ ಬಿದ್ದಲ್ಲೇ ಬಿದ್ದು ತುಕ್ಕು ತಿನ್ನುತ್ತ ಇತ್ತು.

ನಾನು ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಬ್ಯಾಡಗಿಯಿಂದ ಫಕ್ಕೀರತ್ತಿ ಬಂದಳು. ಅಪ್ಪನ ಅಕ್ಕ. ಕೈಯಲ್ಲಿ ಒಂದು ಟ್ರಂಕು, ಹಣೆ ತುಂಬ ಕುಂಕುಮ, ಮುಖದಲ್ಲಿ ಸಿಟ್ಟು. ಗಂಡ ಇನ್ನೊಬ್ಬಳನ್ನು ಮನೆಗೆ ತಂದಿದ್ದನೆಂದು ಆಮೇಲೆ ತಿಳಿಯಿತು. ಆ ದಿನ ಅವ್ವ ನೀರು ಕೊಟ್ಟು, "ಎಷ್ಟ ದಿನ ಇರ್ತೀರಿ ಅಕ್ಕಾರ?" ಎಂದು ಕೇಳಿದಳು.

"ಸಾಯೂತನ," ಎಂದಳು ಅತ್ತಿ.

ಅವ್ವನ ಮುಖ ಅಲ್ಲಿಗೇ ಬಿಗಿಯಿತು. ಅದು ಸಡಿಲಾದದ್ದನ್ನು ನಾನು ಆ ಬೇಸಿಗೆ ಪೂರ್ತಿ ನೋಡಲಿಲ್ಲ. ವಾರ ಕಳೆಯುವುದರೊಳಗೆ ನಮ್ಮ ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಉರಿಯತೊಡಗಿದವು. ಅವ್ವನ ರೊಟ್ಟಿ ಅತ್ತಿಗೆ ದಪ್ಪ, ಅತ್ತಿಯ ಪಲ್ಯ ಅವ್ವನಿಗೆ ಖಾರ. ಅತ್ತಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಮಾಡಿದವಳು. ಇಲ್ಲಿಗೆ ಬಂದ ಮೇಲೂ ವಾರದಲ್ಲಿ ಒಂದೆರಡು ದಿನ ಬೆಳಗಿನ ಬಸ್ಸಿಗೆ ಹೋಗಿ ಅದೇ ಕೆಲಸ ಮಾಡಿ ಬರುತ್ತಿದ್ದಳು. ಅವಳು ಸೀರೆ ಝಾಡಿಸಿದರೆ ಇಡೀ ಮನೆ ಸೀನುತ್ತಿತ್ತು. ಅವ್ವ ಅದನ್ನೂ ಅವಳ ಲೆಕ್ಕಕ್ಕೇ ಬರೆದಿಟ್ಟುಕೊಂಡಳು.

ಒಂದು ದಿನ ಊಟದ ಹೊತ್ತಿನಲ್ಲಿ ಅಪ್ಪ, "ನಾಳೆ ರಾಣೆಬೆನ್ನೂರಿಂದ ಗುಜರಿಯಂವ ಬರ್ತಾನ. ಆ ದೋಣಿ ಕೊಟ್ಟುಬಿಡೂಣು," ಎಂದ.

ಅತ್ತಿ ಮುರಿದ ರೊಟ್ಟಿಯನ್ನು ತಾಟಿಗೆ ಹಾಕಿದಳು. "ಅದು ನನ್ನ ಪಾಲು."

"ಯಾವ ಪಾಲು?"

"ಹೊಲ ನೀ ತಗೊಂಡಿ. ಮನಿ ನೀ ತಗೊಂಡಿ. ನನಗ ಒಂದು ಸೀರಿ ಉಡಿಸಿ ಕಳಿಸಿದ್ರಿ. ದೋಣಿ ನಂದು."

ಅಪ್ಪ ನಕ್ಕ. ಆ ನಗು ನನಗೆ ಆಗಲೇ ಸೇರಲಿಲ್ಲ. "ತಗೋ. ಹೊಳಿ ಬಂದಾಗ ಅದು ತೇಲಿದ್ರ ನಿಂದು. ಮುಳುಗಿದ್ರ ಗುಜರಿಗೆ ಹೋಗತೈತಿ. ಆಮ್ಯಾಲೆ ಪಾಲು ಗೀಲು ಅಂತ ನನ್ನ ಮುಂದ ಬಾಯಿ ತಗೀಬಾರದು."

"ಮಾತ ಕೊಡು."

ಅಪ್ಪ ಎಂಜಲ ಕೈ ಒರೆಸಿಕೊಂಡು ಅವಳ ಅಂಗೈಗೆ ಅಂಗೈ ಬಡಿದ. ಮೂಲೆಯಲ್ಲಿ ಅವ್ವ ಅನ್ನ ಬಡಿಸುತ್ತ ಎಲ್ಲವನ್ನೂ ನೋಡುತ್ತಿದ್ದಳು.

ಮರುದಿನ ಅತ್ತಿ ಕಸಬರಿಗೆ ಹಿಡಿದುಕೊಂಡು ಬಂದು ನಮ್ಮನ್ನೆಲ್ಲ ದೋಣಿಯ ಕೆಳಗಿಂದ ಹೊಡೆದೋಡಿಸಿದಳು. "ಏಳ್ರಿ! ಇದೇನ್ ನಿಮ್ಮಪ್ಪಗೋಳ ಚಾವಡಿ ಅಂತ ತಿಳಿದೀರೇನು?"

"ನಮ್ಮಪ್ಪಂದ ಐತಿ," ಎಂದೆ ನಾನು.

"ನಿಮ್ಮಪ್ಪಂದಾದ್ರ ನಿಮ್ಮಪ್ಪನ್ನ ಕರಕೊಂಡು ಬಾ, ತುಕ್ಕು ಕೆರೀಲಿ."

ನಮ್ಮ ಆಟದ ಜಾಗ ಹೋಯಿತು. ಅಂದಿನಿಂದಲೇ ನಾನು ಅವಳನ್ನು ಕಂಡರೆ ಉರಿಯತೊಡಗಿದೆ. ಅವ್ವನಿಗೆ ನನ್ನ ಸಿಟ್ಟು ಉಪಯೋಗಕ್ಕೆ ಬಂತು. "ಹೋಗು ರೇಣಿ, ಆಕಿ ಏನ್ ಮಾಡಾಕತ್ತಾಳ ನೋಡಿ ಬಾ," ಎಂದು ದಿನವೂ ಅಟ್ಟುತ್ತಿದ್ದಳು. ನಾನು ಮರದ ಹಿಂದೆ ನಿಂತು ನೋಡುತ್ತಿದ್ದೆ. ಅತ್ತಿಗೆ ಅದು ಮೊದಲ ದಿನವೇ ಗೊತ್ತಾಯಿತು. ತಂತಿಯ ಬ್ರಶ್ಶೊಂದನ್ನು ನನ್ನ ಕಾಲ ಬಳಿ ಎಸೆದು, "ಸುಮ್ನ ನಿಂತು ನೋಡಾಕ ಇದೇನ್ ಬಯಲಾಟ ಅಲ್ಲ. ತಿಕ್ಕು," ಎಂದಳು. ಆಗುವುದಿಲ್ಲ ಎಂದರೆ, "ನಿಮ್ಮವ್ವನಂಗ ನೀನೂ ಕೈಲಾಗದಾಕಿ," ಎಂದಳು.

ಆ ಮಾತಿಗೇ ನಾನು ಬ್ರಶ್ಶು ಎತ್ತಿಕೊಂಡೆ.

ತುಕ್ಕು ತಿಕ್ಕುವ ಕೆಲಸ ಮಾಡಿದವರಿಗೆ ಅದರ ಸದ್ದು ಮರೆಯುವುದಿಲ್ಲ. ಹಲ್ಲು ಜುಮ್ಮೆನ್ನುತ್ತದೆ. ಕೆಂಪು ಪುಡಿ ಕಣ್ಣಿಗೆ, ಮೂಗಿಗೆ, ನಾಲಿಗೆಗೆ. ಅತ್ತಿ ಸುತ್ತಿಗೆಯಿಂದ ಬಡಿದರೆ ತುಕ್ಕು ಹಪ್ಪಳದಂತೆ ಎದ್ದು ಬರುತ್ತಿತ್ತು. ಎರಡು ಕಡೆ ಬಡಿದಾಗ ತಗಡೇ ಪುಡಿಯಾಗಿ ತೂತು ಬಿತ್ತು. ಅವಳು ತೂತಿನೊಳಗೆ ಬೆರಳು ಹಾಕಿ ನೋಡಿ, ಯಾರಿಗೋ ಕೆಟ್ಟದಾಗಿ ಬೈದಳು. ಗಂಡನಿಗೋ, ಅಪ್ಪನಿಗೋ, ಗೊತ್ತಿಲ್ಲ. ನಾವಿಬ್ಬರೂ ಮಾತಾಡುತ್ತಿರಲಿಲ್ಲ. ನೀರಡಿಕೆಯಾದರೆ ಅವಳು ತನ್ನ ತಂಬಿಗೆಯಿಂದ ಕುಡಿಯುತ್ತಿದ್ದಳು, ನಾನು ಉಸುಕು ಬಗೆದು ಕುಡಿಯುತ್ತಿದ್ದೆ.

ಕೆಲಸ ಅರ್ಧವೂ ಆಗದೆ ಅತ್ತಿಗೆ ಅವಸರ ಹಿಡಿಯಿತು. ಬ್ಯಾಡಗಿಯಿಂದ ಒಂದು ಡಬ್ಬಿ ನೀಲಿ ಬಣ್ಣ ತಂದಳು. ತೂತುಗಳಿಗೆ ಅರಿವೆ ತುರುಕಿ ಡಾಂಬರು ಮೆತ್ತಿದಳು. ನಸುಕಿನಲ್ಲಿ, ತಗಡಿನ ಮೇಲೆ ಇನ್ನೂ ಇಬ್ಬನಿ ಇರುವಾಗಲೇ, ಉಳಿದ ತುಕ್ಕಿನ ಮೇಲೇ ಬಣ್ಣ ಬಳಿದಳು. ಸಂಜೆಗೆ ದೋಣಿ ನೀಲಿಯಾಗಿ ಹೊಳೆಯುತ್ತಿತ್ತು. ಊರವರು ನೋಡಲು ಬಂದರು. ಅತ್ತಿ ಸೆರಗು ಸಿಗಿಸಿಕೊಂಡು ನಿಂತಿದ್ದಳು.

ಮೂರು ದಿನದ ಬಿಸಿಲಿಗೆ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತು. ನೆರೆಮನೆಯ ದುರ್ಗಪ್ಪನ ಆಡುಗಳು ಮೈ ತಿಕ್ಕಿದವು, ಪದರು ಪದರಾಗಿ ಕಿತ್ತು ಬಂತು. ಅತ್ತಿ ಅಂದು ಬ್ಯಾಡಗಿಗೆ ಹೋಗಿದ್ದಳು. ನಾನು ಉದ್ದನೆಯ ನೀಲಿ ಪಟ್ಟಿಯೊಂದನ್ನು ಸುಲಿದು, ರಿಬ್ಬನ್ನಿನಂತೆ ಜಡೆಗೆ ಸಿಗಿಸಿಕೊಂಡು, ಅತ್ತಿಯಂತೆ ಸೊಂಟದ ಮೇಲೆ ಕೈಯಿಟ್ಟು, "ದೋಣಿ ನಂದು!" ಎಂದು ಗೆಳತಿಯರ ಮುಂದೆ ಕುಣಿದೆ. ಅವರೆಲ್ಲ ನಗುತ್ತಿದ್ದವರು ಒಮ್ಮೆಲೇ ಸುಮ್ಮನಾದರು. ಹಿಂದಿರುಗಿ ನೋಡುವುದರೊಳಗೆ ಅತ್ತಿಯ ಅಂಗೈ ನನ್ನ ಕೆನ್ನೆಯ ಮೇಲೆ ಬಿತ್ತು.

ಬಸ್ಸಿಳಿದು ನೇರ ಅಲ್ಲಿಗೇ ಬಂದಿದ್ದಳು. ಕೈ ತೊಳೆದಿರಲಿಲ್ಲ. ಇಡೀ ದಿನ ಮೆಣಸಿನಕಾಯಿ ಬಿಡಿಸಿದ ಕೈ. ಹೊಡೆತದ ನೋವು ಆಗಲೇ ಹೋಯಿತು, ಆದರೆ ಕೆನ್ನೆ, ಕಣ್ಣು ಧಗಧಗ ಉರಿಯತೊಡಗಿದವು. ನಾನು ಕೂಗುತ್ತ ಮನೆಗೆ ಓಡಿದೆ. ಅವ್ವ ಬೆಣ್ಣೆ ಹಚ್ಚಿದಳು, ಕಣ್ಣಿಗೆ ಹಸಿಬಟ್ಟೆ ಇಟ್ಟಳು. ಆಮೇಲೆ ನನ್ನ ಕೈ ಹಿಡಿದುಕೊಂಡೇ ಹೊಳೆಗೆ ಹೊರಟಳು.

ಅಂಥ ಜಗಳವನ್ನು ಆ ದಂಡೆ ಅದಕ್ಕೆ ಮೊದಲು ನೋಡಿರಲಿಕ್ಕಿಲ್ಲ. ಬಟ್ಟೆ ಒಗೆಯುವವರು ಒಗೆಯುವುದನ್ನು ನಿಲ್ಲಿಸಿದರು. ಅವ್ವ ಬೈಯುವಾಗಲೂ 'ರಿ' ಬಿಡಲಿಲ್ಲ, ಅದರಿಂದ ಬೈಗುಳ ಇನ್ನೂ ಹರಿತವಾಯಿತು. "ನನ್ನ ಮಗಳ ಮ್ಯಾಲೆ ಕೈ ಎತ್ತಾಕ ನೀವ್ಯಾರ್ರಿ? ಗಂಡನ ಮನಿ ಉಳಿಸ್ಕೊಳ್ಳಾಕ ಆಗ್ಲಿಲ್ಲ ನಿಮಗ, ಈ ತಗಡ ಉಳಿಸ್ತೀರೇನ್ರಿ?"

ಅತ್ತಿ ಬಗ್ಗಿ, ಕಿತ್ತು ಬಂದ ಬಣ್ಣದ ತುಂಡೊಂದನ್ನು ಎತ್ತಿ ಮುರಿದು ಎಸೆದಳು. "ಉಳಿಸ್ತೇನಿ. ಕಣ್ಣ ತಗದು ನೋಡಕೋಂತ ಕುಂದ್ರು," ಎಂದಳು.

ಅವತ್ತಿನಿಂದ ಅಡುಗೆಮನೆಯಲ್ಲಿ ಇದ್ದಬದ್ದ ಮಾತೂ ನಿಂತಿತು. ನನಗೆ ದಂಡೆಗೆ ಹೋಗಬಾರದೆಂದು ಅಪ್ಪಣೆಯಾಯಿತು. ನಾನು ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಗೆಳತಿಯೊಬ್ಬಳು, "ನಿಮ್ಮತ್ತಿ ಅಂದ್ಲು, ರೇಣಿಗೆ ಎರಡೇಟಿಗೇ ಜ್ವರ ಬಂದಾವಂತ," ಎಂದಳು. ಹೊಡೆದದ್ದು ಒಂದೇ ಏಟು. ಅದು ಸುಳ್ಳೆಂದು ಅತ್ತಿಯ ಮುಖದ ಮುಂದೆ ಹೇಳಿಬರಬೇಕೆಂದು ಹೋದೆ. ಹೋದವಳು ಬ್ರಶ್ಶು ಹಿಡಿದು ಕೂತೆ.

ಈ ಸಲ ಅತ್ತಿ ಗುತ್ತಲದ ವೆಲ್ಡಿಂಗ್ ಅಂಗಡಿಯವನನ್ನು ಕೇಳಿಕೊಂಡು ಬಂದಿದ್ದಳು. ಅವನು ಟೆಂಪೋದಲ್ಲಿ ಮಶಿನ್ನು ತಂದು ತೂತಿಗೆ ತಗಡು ಕೂಡಿಸಿ ಬೆಸೆದುಕೊಟ್ಟ. ಹಳೆಯ ಬಣ್ಣವನ್ನೆಲ್ಲ ಕೆರೆದೆವು. ಕಬ್ಬಿಣ ಬೆಳ್ಳಗೆ ಕಾಣುವ ತನಕ ತಿಕ್ಕಿದೆವು. ಚಿಮಣಿಎಣ್ಣೆಯ ಅರಿವೆಯಿಂದ ಒರೆಸಿದೆವು. ಬಿಸಿಲೇರಿ ತಗಡು ಒಣಗಿದ ಮೇಲೆ, ಮಧ್ಯಾಹ್ನದ ಗಾಳಿ ಏಳುವ ಮೊದಲು, ತುಕ್ಕು ತಡೆಯುವ ಕೆಂಪು ಬಣ್ಣ, ರೆಡ್ ಆಕ್ಸೈಡು, ಬಳಿದೆವು. ಬಣ್ಣ ಹಸಿಯಿರುವಾಗ ಧೂಳು ಕೂರಬಾರದು. ನಮ್ಮ ಕಡೆಯ ಬೇಸಿಗೆ ಗಾಳಿಯೋ ಒಕ್ಕಿದ ಕಣಗಳ ಹೊಟ್ಟನ್ನೆಲ್ಲ ಹೊತ್ತು ತರುತ್ತದೆ. ಅದಕ್ಕೆ ಅತ್ತಿ, ಅಪ್ಪ ಗೊಬ್ಬರದ ಚೀಲ ಬಿಚ್ಚಿ ಹೊಲಿಸಿಟ್ಟಿದ್ದ ದೊಡ್ಡ ಹಾಸನ್ನು ಕೇಳದೆಯೇ ಹೊತ್ತುತಂದು, ಮರಕ್ಕೂ ಗೂಟಕ್ಕೂ ಕಟ್ಟಿ ಗೋಡೆ ಮಾಡಿದಳು. ಅಪ್ಪ ಬಂದು ಕೂಗಾಡಿದ.

"ನನ್ನ ಮೆಕ್ಕಿಜೋಳ ಎದರ ಮ್ಯಾಲೆ ಹಾಕ್ಲಿ?"

"ನಿನ್ನ ಜೋಳ ಬರೋದು ದೀಪಾವಳಿಗೆ. ಆವಾಗ ಒಯ್ಯಿ," ಎಂದಳು ಅತ್ತಿ, ತಿರುಗಿ ಸಹ ನೋಡದೆ.

ಆಡು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ದುರ್ಗಪ್ಪನ ಹೋತ ಒಂದು ನನ್ನನ್ನು ಕಂಡರೇ ತಲೆ ತಗ್ಗಿಸಿ ಬರುತ್ತಿತ್ತು. ನಾನು ಕಲ್ಲು ಬೀರುತ್ತಿದ್ದೆ. ದುರ್ಗಪ್ಪ ಬಂದು ನನ್ನನ್ನು ಬೈಯುತ್ತಿದ್ದ. ಅತ್ತಿ ದುರ್ಗಪ್ಪನನ್ನು ಬೈಯುತ್ತಿದ್ದಳು, ಅವನು ಹೋದ ಮೇಲೆ ನನ್ನನ್ನು. ಆದರೂ ನನಗೆ ಆ ಕೆಂಪಿನ ಮೇಲೆ ಒಂದು ಬೆರಳಿನ ಗುರುತೂ ಬೀಳಬಾರದು ಎನಿಸುತ್ತಿತ್ತು. ಅತ್ತಿಗಾಗಿ ಅಲ್ಲ. ನಾನೂ ತಿಕ್ಕಿದ್ದೆನಲ್ಲ, ಅದಕ್ಕೆ.

ಕೊನೆಯ ನೀಲಿ ಬಳಿದದ್ದು ಮುಗಿಲಲ್ಲಿ ಮೋಡ ಓಡಾಡತೊಡಗಿದ ಮೇಲೆ. ಈಗ ಊರಲ್ಲಿ ಯಾರೂ ನಗುತ್ತಿರಲಿಲ್ಲ. ಅಂಗಡಿಕಟ್ಟೆಯಲ್ಲಿ ಯಾರೋ ಅಪ್ಪನಿಗೆ, "ಇವತ್ತ ದೋಣಿ ಪಾಲು ಅಂದ್ಲು, ನಾಳೆ ಹೊಲದಾಗ ಅಂತಾಳ ನೋಡಪಾ," ಎಂದಿದ್ದರು. ಅಪ್ಪ ಮನೆಗೆ ಬಂದು ಉಣ್ಣದೆ ಮಲಗಿದ. ಅದರ ಮರುದಿನ, ಅತ್ತಿ ಬಿಸಿಲು ಬೀಳುತ್ತಲೇ ಇಬ್ಬನಿ ಒರೆಸಿ ಎರಡನೆಯ ಕೈ ಬಳಿದು, ನನ್ನನ್ನು ಕಾವಲಿಗೆ ಕೂರಿಸಿ ಬ್ಯಾಡಗಿಯ ಬಸ್ಸು ಹತ್ತಿದಳು.

ಮಧ್ಯಾಹ್ನಕ್ಕೆ ಮೊದಲು ಒಂದು ಟೆಂಪೋ ದಂಡೆಗಿಳಿಯಿತು. ಅಪ್ಪ ಮುಂದೆ ಕೂತಿದ್ದ. ಹಿಂದೆ ಗುಜರಿಯವನು, ಅವನ ಆಳು, ಗ್ಯಾಸಿನ ಸಿಲಿಂಡರು, ಕೊಯ್ಯುವ ಸಲಕರಣೆ. ಅಪ್ಪ ಇಳಿದವನೇ ಹಾಸಿನ ಹಗ್ಗ ಬಿಚ್ಚತೊಡಗಿದ.

"ಅಪ್ಪಾ, ಬಣ್ಣ ಹಸಿ ಐತಿ," ಎಂದೆ.

"ನೀ ಮನಿಗೆ ಹೋಗು."

ಓಡಿದೆ. ಅವ್ವನಿಗೆ ಸುದ್ದಿ ಹೇಳಿದರೆ ಖುಷಿಪಡುತ್ತಾಳೆ ಎಂದೇ ನಾನು ತಿಳಿದಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೇಳಿದವಳೇ ಹಂಚಿನ ಮೇಲಿನ ರೊಟ್ಟಿಯನ್ನು ಅಲ್ಲಿಯೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಹೊರಟಳು. ಅವಳು ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಗುಜರಿಯವನ ಆಳು ಬೆಂಕಿ ಹೊತ್ತಿಸಿದ್ದ. ನೀಲಿ ಜ್ವಾಲೆ ಸುಯ್ಯೆನ್ನುತ್ತಿತ್ತು. ಅವ್ವ ಅವನನ್ನು ದಾಟಿ ಹೋಗಿ, ದೋಣಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಮಾತ ಕೊಟ್ಟೀರಿ," ಎಂದಳು ಅಪ್ಪನಿಗೆ. "ಹೊಳಿ ಬರೂತನ ಅಂದೀರಿ. ಎಲ್ಲಿ ಬಂದೈತಿ ಹೊಳಿ? ತೋರಸ್ರಿ."

"ನಿನಗ ಯಾಕ ಬೇಕ ಇದು? ದಿನಾ ಆಕಿ ಜೋಡಿ ಜಗಳಾಡಾಕಿ ನೀನ."

"ಆಡ್ತೇನಿ. ಆಕಿ ಮುಂದ ನಿಂತು ಆಡ್ತೇನಿ. ಆಕಿ ಊರಾಗ ಇಲ್ಲದಾಗ ಬಂದು ಕೊಯ್ಯೂದಿಲ್ಲ."

"ಸರಿ ಅತ್ತಾಗ."

"ಸರಿಯಾಂಗಿಲ್ಲ. ಮೊದಲು ನನ್ನ ಕೊಯ್ರಿ."

ಅಪ್ಪ ಕೈ ಎತ್ತಿದ. ನಾನು ಕಣ್ಣು ಮುಚ್ಚಿಕೊಂಡೆ. ಏಟಿನ ಸದ್ದು ಬರಲಿಲ್ಲ. ಗುಜರಿಯವನ ದನಿ ಕೇಳಿತು. "ಯಜಮಾನ್ರ, ಮನಿ ಜಗಳದಾಗ ನಮ್ಮನ್ನ ಯಾಕ ಕರೀತೀರಿ? ನೀವ್ ನೀವ್ ಬಗೆಹರಿಸ್ಕೊಂಡು ಹೇಳಿ ಕಳಸ್ರಿ." ಜ್ವಾಲೆ ಟಪ್ಪೆಂದು ಆರಿತು. ಟೆಂಪೋ ಉಸುಕಿನಲ್ಲಿ ಒಂದೆರಡು ಸಲ ಹೂತುಕೊಂಡು, ಕೊನೆಗೆ ದಂಡೆ ಹತ್ತಿ ಹೋಯಿತು. ಅಪ್ಪ ಅದರಲ್ಲೇ ಹೋದ.

ಅವ್ವ ದೋಣಿಯಿಂದ ಬಿಡಿಸಿಕೊಂಡಾಗ ಅವಳ ಬೆನ್ನು, ಸೆರಗು, ತುರುಬು ಎಲ್ಲ ನೀಲಿ. ದೋಣಿಯ ಮೇಲೆ ಅವಳ ಬೆನ್ನಗಲದ ಕಲೆ. "ಬಾಯಿ ಬಿಟ್ಟಿ ಅಂದ್ರ ನೋಡು," ಎಂದು ನನಗೆ ಹೇಳಿ, ಹಾಸನ್ನು ಮತ್ತೆ ಕಟ್ಟಿ ಮನೆಗೆ ಹೋದಳು.

ಸಂಜೆ ಅತ್ತಿಯ ಕೂಗು ಮನೆಯವರೆಗೆ ಕೇಳಿಸಿತು. "ಯಾವಾಕಿ ಒರಗಿ ಕೆಡಿಸಿದಾಕಿ ಇದನ್ನ?"

ಅವ್ವ ಬಾಗಿಲಿಗೆ ಬಂದು ನಿಂತಳು. "ನಾನ."

"ಕಣ್ಣ ಇದ್ದಿದ್ದಿಲ್ಲೇನು?"

"ಇದ್ದಿದ್ದಿಲ್ಲ. ಏನ್ ಮಾಡ್ತೀರಿ?"

ಗುಜರಿಯವನು ಬಂದದ್ದನ್ನು ಮನೆಯಲ್ಲಿ ಯಾರೂ ಅತ್ತಿಗೆ ಹೇಳಲಿಲ್ಲ. ಆದರೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರಿದ್ದರಲ್ಲ, ಬೆಳಗಾಗುವುದರೊಳಗೆ ಅತ್ತಿಗೆ ಎಲ್ಲ ಗೊತ್ತಾಗಿತ್ತು. ನಾನು ಹೋದಾಗ ಅವಳು ಆ ಕಲೆಯನ್ನು ಕೆರೆದು ಮತ್ತೆ ಬಳಿಯುತ್ತಿದ್ದಳು. ಬೈಯುತ್ತಲೇ ಬಳಿದಳು. ಮುಗಿದ ಮೇಲೆ ಒಂದು ಬಾಟಲಿಯಲ್ಲಿ ಟರ್ಪೆಂಟೈನ್ ಸುರಿದು ನನ್ನ ಕೈಗಿತ್ತಳು. "ನಿಮ್ಮವ್ವಗ ಕೊಡು. ಇದರಾಗ ತಿಕ್ಕಿದ್ರ ಸೀರಿ ಕಲಿ ಹೋಗತೈತಂತ. ಆಕಿ ಸೀರಿ ಚಿಂತಿ ನನಗೇನಿಲ್ಲ. ಊರಾಗ ನನ್ನ ಬಣ್ಣ ಹಚ್ಕೊಂಡು ತಿರಗೂದು ಬ್ಯಾಡ."

ಅವ್ವ ತಿಕ್ಕಿದಳು. ಕಲೆ ಹೋಗುವ ಬದಲು ಇನ್ನೂ ಹರಡಿತು. "ಆಕಿ ಕೊಟ್ಟದ್ದು ಯಾವಾಗ ಕೆಲಸಕ್ಕ ಬಂದೈತಿ," ಎಂದು ಬಾಟಲಿಯನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟಳು. ಎಸೆಯಲಿಲ್ಲ.

ಕಾರಹುಣ್ಣಿಮೆ ಕಳೆದು ಕೆಲವು ದಿನಗಳಿಗೆ ಹೊಳೆ ಬಂತು. ಮೊದಲು ಸದ್ದು, ಆಮೇಲೆ ಕೆಸರಿನ ವಾಸನೆ, ಆಮೇಲೆ ಕೆಂಪು ನೀರು. ಊರ ಗಂಡಸರು ದೋಣಿಯನ್ನು ಮಗುಚಿ ತಳ್ಳಿದರು. ಅತ್ತಿ ಹತ್ತಿ ಕೂತಳು, ನನ್ನನ್ನು ಕರೆಯಲಿಲ್ಲ. ನಾನೇ ನೀರಿಗಿಳಿದು ಹತ್ತಿದೆ. ಇಳಿ ಎನ್ನಲಿಲ್ಲ. ಬೆಸೆದ ಒಂದು ಕಡೆ ತುಸು ನೀರು ಜಿನುಗಿತು, ಅಷ್ಟೆ. ದೋಣಿ ತೇಲಿತು. ದೂರದಲ್ಲಿ ನಿಂತಿದ್ದ ಅಪ್ಪ ಬೆನ್ನು ತಿರುಗಿಸಿ ಹೋದ. ಅವನು ಮತ್ತೆಂದೂ ಅವಳನ್ನು ಅಕ್ಕ ಎಂದು ಕರೆಯಲಿಲ್ಲ.

ಅತ್ತಿ ದಂಡೆಯ ಮೇಲೆ ತಗಡಿನ ಖೋಲಿ ಹಾಕಿಕೊಂಡು ಬೇರೆಯಾದಳು. ನಾನು ಅವಳನ್ನು ಪ್ರೀತಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವಳೂ ನನಗೆ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ. ಆಚೆ ದಂಡೆಯ ತವರಿಗೆ ಹೋಗುವಾಗ ಅವ್ವ ಆ ದೋಣಿಯಲ್ಲೇ ದಾಟುತ್ತಿದ್ದಳು. ಇಬ್ಬರೂ ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂರುತ್ತಿದ್ದರು. ಅತ್ತಿ ಅವ್ವನಿಂದಲೂ ಪೂರ್ತಿ ಬಾಡಿಗೆ ಇಸಿದುಕೊಳ್ಳುತ್ತಿದ್ದಳು. ಕೊನೆಗಾಲದಲ್ಲಿ ಅತ್ತಿ ಹಾಸಿಗೆ ಹಿಡಿದಾಗ ಅವ್ವ ದಿನಾ ರೊಟ್ಟಿ ಒಯ್ದಳು. ದಿನಾ "ದಪ್ಪ ಆಗ್ಯಾವು" ಎನ್ನಿಸಿಕೊಂಡು, "ಹಂಗಾದ್ರ ಬಿಡ್ರಿ, ನಾಯಿಗೆ ಹಾಕ್ತೇನಿ" ಎಂದು ಹೇಳಿ ಬಂದಳು.

ಅಷ್ಟರಲ್ಲಿ ಸೇತುವೆ ಆಗಿತ್ತು. ದೋಣಿಗೆ ಜನ ಬರುತ್ತಿರಲಿಲ್ಲ. ಅತ್ತಿ ಸತ್ತ ತಿಂಗಳಲ್ಲೇ ಅಪ್ಪ ಗುಜರಿಯವನ ಟೆಂಪೋವನ್ನು ಮತ್ತೆ ಕರೆಸಿದ. ದಂಡೆಯಿಂದ ಕೊಯ್ಯುವ ಸದ್ದು ಕೇಳುತ್ತಿತ್ತು, ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಾನು ಆಗ ಕಾಲೇಜಿನಲ್ಲಿದ್ದೆ. ಸಿಟ್ಟಿಗೆದ್ದು, "ಯಾಕ ಸುಮ್ನ ಕುಂತಿ ಬೇ?" ಎಂದು ಕೇಳಿದೆ. "ಬೈಯಾಕಿನ ಹ್ವಾದ್ಲು. ಇನ್ನ ತಗಡ ಇಟ್ಕೊಂಡು ಏನ್ ಮಾಡ್ಲಿ?" ಎಂದಳು. ಅಪ್ಪನೂ ಈಗ ಇಲ್ಲ. ಆ ಎರಡು ಟೆಂಪೋಗಳಿಗಾಗಿ ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ.

ನಾನೀಗ ಹಾವೇರಿಯ ಕೋರ್ಟಿನ ಹತ್ತಿರ ಟೈಪಿಂಗ್ ಮಾಡುತ್ತೇನೆ. ಅಕ್ಕ ತಮ್ಮಂದಿರ ಪಾಲಿನ ದಾವೆಗಳು ದಿನವೂ ನನ್ನ ಬೆರಳಿನಡಿ ಹಾದುಹೋಗುತ್ತವೆ. ಅವರು ಒಂದೇ ಬೆಂಚಿನ ಎರಡು ತುದಿಯಲ್ಲಿ ಫೋನು ನೋಡುತ್ತ ಕೂತಿರುತ್ತಾರೆ. ಒಬ್ಬರೂ ದನಿ ಎತ್ತುವುದಿಲ್ಲ. ನನ್ನ ತಮ್ಮ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದಾನೆ, ಅವ್ವ ಅವನ ಜೊತೆಗಿದ್ದಾಳೆ. ನಮಗೆ ಜಗಳವಿಲ್ಲ. ಹಬ್ಬಕ್ಕೆ ತಮ್ಮನ ಹೆಂಡತಿ ಫೋನಿನಲ್ಲಿ ಹೂವಿನ ಚಿತ್ರ ಕಳಿಸುತ್ತಾಳೆ, "ಆರಾಮ ಅದೀರಿಲ್ರಿ ಅಕ್ಕಾರ?" ಎಂದು ಕೇಳುತ್ತಾಳೆ. ನಾನೂ ಒಂದು ಚಿತ್ರ ಕಳಿಸುತ್ತೇನೆ. ಹೈವೇ ಬಸ್ಸು ಹತ್ತಿದರೆ ತಾಸಿನೊಳಗೆ ತಲುಪುವ ದಾರಿ. ಅವಳು ನನ್ನ ಮನೆಗೆ ಬಂದು, ನಾನು ಅವಳ ಮನೆಯಲ್ಲಿ ಉಂಡು ವರ್ಷಗಳಾದವು.

ಮೊನ್ನೆ ಅವ್ವ ಫೋನಿನಲ್ಲಿ ಒಮ್ಮೆಲೇ ಕೇಳಿದಳು. "ರೇಣಿ, ಈ ಸೊಸಿ ಜೋಡಿ ನೀ ಯಾವಾಗರ ಜಗಳಾಡಿಯೇನು?"

"ಇಲ್ಲ ಬೇ."

"ಒಮ್ಮೀನೂ?"

"ಒಮ್ಮೀನೂ ಇಲ್ಲ."

ಆ ಕಡೆ ಟೀವಿ ಮಾತಾಡುತ್ತಿತ್ತು.

"ಹಂಗಾದ್ರ ಆಕಿ ನಿನಗ ಏನೂ ಆಗಬೇಕಾಗಿಲ್ಲ ತಗೋ," ಎಂದಳು.